ಉಗುರಿನಗಲದ ಚಿತ್ರ



ಮದುವೆಯ ಆಮಂತ್ರಣ ಪತ್ರಿಕೆಯನ್ನು ಅಚ್ಚು ಹಾಕಿಸಲು ಹೋದವರಿಗೆಲ್ಲ ಮುದ್ರಣಾಲಯದ ಮಾದರಿ ಆಲ್ಬಮ್ ನೆನಪಿರಬಹುದು. ಹಿಂದೆ ಯಾರದೋ ಮದುವೆಗೆ ಅಚ್ಚಾದ ಪತ್ರಿಕೆಗಳನ್ನೇ ದಪ್ಪ ಹಾಳೆಗಳಿಗೆ ಅಂಟಿಸಿ, ಮೂಲೆಯಲ್ಲಿ ಸಂಖ್ಯೆ ಬರೆದಿಟ್ಟ ಪುಸ್ತಕವದು. ಹೋದವರು ಹಾಳೆ ತಿರುವಿ, "ಇದರ ಹಾಗೆ ಇರಲಿ" ಎಂದು ಬೆರಳಿಟ್ಟು ತೋರಿಸುತ್ತಿದ್ದರು. ಬೆರಳು ಹೋಗುತ್ತಿದ್ದುದು ಹೆಚ್ಚಾಗಿ ಬಂಗಾರದ ಬಣ್ಣದ ಗಣಪತಿಯ ಮೇಲೆ. ನಮ್ಮೂರಿನ ಮುದ್ರಕರು ಮಾತ್ರ ಆಲ್ಬಮ್ ತೆರೆಯುವ ಮೊದಲೇ, "ಸುಖಾಗಮನ ಬಯಸುವವರು ಎಷ್ಟು ಜನ?" ಎಂದು ಕೇಳುತ್ತಿದ್ದರು. ಹದಿನೆಂಟು ಹೆಸರುಗಳಿದ್ದರೆ ಗಣಪತಿ ಎಷ್ಟೇ ಚೆಲುವನಾಗಿದ್ದರೂ ಆ ಮಾದರಿ ಒದಗದು.

ಆ ಮುದ್ರಕರ ಪ್ರಶ್ನೆ ಈಚೆಗೆ ನನಗೆ ಬಹಳ ಉಪಯೋಗಕ್ಕೆ ಬಂದಿತು. ಸಂದರ್ಭ, ನಮ್ಮ ಶಾಲೆಯ ಜಾಲತಾಣ. ನನ್ನಲ್ಲಿ ಮೂರು ವರ್ಷ ಓದಿದ ಶಿಷ್ಯನೊಬ್ಬ ಅದನ್ನು ಡ್ರೂಪಲ್ ಎಂಬ ತಂತ್ರಾಂಶದಲ್ಲಿ ಕಟ್ಟಿಕೊಟ್ಟಿದ್ದಾನೆ. ವಾರ್ಷಿಕೋತ್ಸವದ ವರದಿ, ಸೂಚನೆ, ಫಲಿತಾಂಶಗಳನ್ನು ಅದಕ್ಕೆ ಏರಿಸುವವರು ಶಾಲೆಯ ಅಧ್ಯಾಪಕರೇ. ಹೊಸ ಪುಟವೊಂದನ್ನು ತೆರೆದೊಡನೆ ಗಣಕಯಂತ್ರವು ಯಾವ ವಿನ್ಯಾಸ ಬೇಕೆಂದು ಕೇಳುತ್ತದೆ. ಅಲ್ಲಿ ಎಂಟು ಹೆಸರುಗಳು, ಎಲ್ಲವೂ ಇಂಗ್ಲಿಷಿನವು: 'ಹೀರೋ', 'ಲ್ಯಾಂಡಿಂಗ್', 'ತ್ರೀ ಕಾಲಂ' ಇತ್ಯಾದಿ. ಪ್ರತಿಯೊಂದರ ಪಕ್ಕದಲ್ಲಿ ಚಿತ್ರವಿರಬೇಕಾದ ಜಾಗ ಖಾಲಿ. 'ಹೀರೋ' ಎಂದರೆ ಪುಟದ ನೆತ್ತಿಯಲ್ಲಿ ಅಡ್ಡಲಾಗಿ ಹರಡುವ ದೊಡ್ಡ ಚಿತ್ರಪಟ್ಟಿ ಎಂಬುದು ಹೇಳಿಕೊಟ್ಟವರಿಗಲ್ಲದೆ ತಿಳಿಯುವಂತಿಲ್ಲ.

ಮೂವತ್ತೊಂದು ವರ್ಷ ನಮ್ಮ ಶಾಲೆಯ ಗಂಟೆ ಬಾರಿಸಿದ ಜವಾನರು ಕಳೆದ ಮಳೆಗಾಲದಲ್ಲಿ ತೀರಿಕೊಂಡ ಸಂಗತಿ ನಿಮ್ಮಲ್ಲಿ ಅನೇಕರಿಗೆ ತಿಳಿದಿದೆ. ಅವರಿಗೆ ಶ್ರದ್ಧಾಂಜಲಿಯ ಪುಟವೊಂದನ್ನು ಸಿದ್ಧಪಡಿಸಿದವರು ಹೊಸದಾಗಿ ಬಂದ ಅಧ್ಯಾಪಕಿ. ಬರಹ ಬಹಳ ಚೆನ್ನಾಗಿತ್ತು. ವ್ಯಕ್ತಿ ದೊಡ್ಡವರು, ಆದುದರಿಂದ ಪುಟ 'ಹೀರೋ' ಆಗಿರಲಿ ಎಂಬುದು ಆಕೆಯ ಎಣಿಕೆ. ತಪ್ಪೆಂದು ಹೇಗೆ ಹೇಳುವುದು? ಆದರೆ ಇದ್ದ ಒಂದೇ ಭಾವಚಿತ್ರ ನಿಲುವಾದದ್ದು, ಪಟ್ಟಿ ಅಡ್ಡವಾದದ್ದು. ಯಂತ್ರಕ್ಕೆ ಗೊತ್ತಿರುವುದು ಒಂದೇ ಉಪಾಯ: ಪಟ್ಟಿಯ ಅಗಲಕ್ಕೆ ಚಿತ್ರವನ್ನು ಹಿಗ್ಗಿಸಿ, ಮೇಲೆ ಕೆಳಗೆ ಉಳಿದುದನ್ನು ಕತ್ತರಿಸುವುದು. ಹುಬ್ಬಿನಿಂದ ಮೀಸೆಯವರೆಗಷ್ಟೇ ಉಳಿಯಿತು. ಮರುದಿನ ಅವರ ಮಗಳು ನನಗೆ ಫೋನ್ ಮಾಡಿ, "ಮೇಷ್ಟ್ರೇ, ಅಪ್ಪನ ಟೋಪಿ ಕಾಣ್ತಾ ಇಲ್ಲ. ಆ ಟೋಪಿ ಇಲ್ದೆ ಅಪ್ಪ ಒಂದು ದಿನಾನೂ ಗಂಟೆ ಹೊಡೆದವರಲ್ಲ" ಎಂದಳು. ದೂರಿನ ದನಿಯಲ್ಲ, ಮೆಲ್ಲಗೆ ಹೇಳಿದಳು. ನನಗೆ ಆ ರಾತ್ರಿ ನಿದ್ರೆ ಬರಲಿಲ್ಲ.

ಪುಟವನ್ನು ಶಿಷ್ಯನು ಕೂಡಲೇ ಸರಿಪಡಿಸಿದನು. ಖಾಲಿ ಜಾಗಗಳಿಗೆ ಚಿತ್ರ ತುಂಬುವ ವಿಚಾರ ಅನಂತರದ್ದು. ಡ್ರೂಪಲ್‌ನಲ್ಲಿ ಪುಟಗಳನ್ನು ಹೀಗೆ ವಿನ್ಯಾಸಗೊಳಿಸುವ 'ಲೇಔಟ್ ಬಿಲ್ಡರ್' 2019ರಲ್ಲಿ, 8.7ನೆಯ ಆವೃತ್ತಿಯೊಂದಿಗೆ, ಪೂರ್ಣರೂಪಕ್ಕೆ ಬಂದದ್ದಂತೆ. ಅದರಲ್ಲಿ ಪ್ರತಿ ವಿನ್ಯಾಸದ ವಿವರವನ್ನು ಒಂದು ಸಣ್ಣ ಕಡತದಲ್ಲಿ ಬರೆದಿಡುತ್ತಾರೆ. ಯಾವ ಸಾಲಿನಲ್ಲಿ ಎಷ್ಟು ಭಾಗಗಳು ಎಂಬ ನಕ್ಷೆಯನ್ನು ಅಲ್ಲಿ ಕೊಟ್ಟರೆ ಯಂತ್ರವೇ ಬೂದುಬಣ್ಣದ ಚೌಕಗಳನ್ನು ಬರೆದು ತೋರಿಸುತ್ತದೆ. ಇಲ್ಲವೇ ನಮ್ಮದೇ ಚಿತ್ರವಿರುವ ಜಾಗವನ್ನು ತಿಳಿಸಿದರೆ ಅದನ್ನು ತೋರಿಸುತ್ತದೆ. ನಾವು ಎರಡನೆಯ ದಾರಿ ಹಿಡಿದೆವು. ಚೌಕಗಳು ಭಾಗಗಳನ್ನು ತಿಳಿಸಬಲ್ಲವು, ಒಳಗೆ ಮನುಷ್ಯನ ಮುಖ ಹಿಡಿಸುತ್ತದೆಯೇ ಎಂಬುದನ್ನು ತಿಳಿಸಲಾರವು.

ಶಿಷ್ಯನ ಮೊದಲ ಸಲಹೆ, ಸಿದ್ಧವಾದ ಮಾದರಿ ಪುಟಗಳ ಛಾಯೆಯನ್ನೇ ಕುಗ್ಗಿಸಿ ಹಾಕೋಣ ಎಂಬುದು. ವರ್ಡ್‌ಪ್ರೆಸ್‌ನಲ್ಲಿ ಪ್ರತಿ ಥೀಮಿನ ಜೊತೆ ಅಂಥ ಚಿತ್ರವೊಂದಿರುತ್ತದೆ, 1200 × 900 ಚುಕ್ಕೆಗಳದ್ದು, ಎಂದು ತೋರಿಸಿದನು. ನಾನು ಒಪ್ಪಲಿಲ್ಲ. ಮಾದರಿ ಪುಟಗಳ ತುಂಬ ಲ್ಯಾಪ್‌ಟಾಪ್ ಹಿಡಿದು ನಗುವ ಯಾವುದೋ ದೇಶದ ಮಕ್ಕಳು. ನಮ್ಮವರು ಆ ನಗುವಿಗೆ ಬೆರಳಿಟ್ಟು, ಆಮೇಲೆ ಮಧ್ಯಾಹ್ನದ ಊಟದ ಸೂಚನೆಯನ್ನು ಅದರೊಳಗೆ ತುಂಬುತ್ತಾರೆ. ಬಂಗಾರದ ಗಣಪತಿಯ ಕಥೆಯೇ ಮತ್ತೆ. ಒಂದು ಥೀಮನ್ನು ಆರಿಸಲು ಅಂದಚೆಂದ ಸಾಕಾದೀತು; ದಿನನಿತ್ಯ ಪುಟ ಆರಿಸುವವರಿಗೆ ಬೇಕಾದದ್ದು ಅದರಲ್ಲಿ ಏನು ಹಿಡಿಸುತ್ತದೆ ಎಂಬ ಸುಳಿವು. ನಮ್ಮ ಮುದ್ರಕರ ಕಥೆಯನ್ನು ಹೇಳಿದ ಮೇಲೆ ಅವನು, "ಹಾಗಾದರೆ ನೀವೇ ಬರೆದುಕೊಡಿ ಸರ್" ಎಂದನು. ಕಪ್ಪುಹಲಗೆಯ ಮೇಲೆ ಭೂಪಟ ಬರೆದು ಬದುಕಿದವನಿಗೆ ಇದಕ್ಕಿಂತ ಸಂತೋಷದ ಆಜ್ಞೆ ಉಂಟೇ?

ಚೌಕುಳಿ ಹಾಳೆಯ ಮೇಲೆ ಬರೆಯಲು ಕುಳಿತಾಗ ಅದರ ಕಷ್ಟ ತಿಳಿಯಿತು. ಆರಿಸುವ ಪಟ್ಟಿಯಲ್ಲಿ ಚಿತ್ರ ಕಾಣುವುದು 60 ಚುಕ್ಕೆ ಅಗಲ, 80 ಚುಕ್ಕೆ ಎತ್ತರ. ಹೆಬ್ಬೆರಳಿನ ಉಗುರು ಎಂದದ್ದು ಉತ್ಪ್ರೇಕ್ಷೆಯಲ್ಲ. ಬೇರೆ ಅಳತೆಯಲ್ಲಿ ಬರೆದರೆ ಎಳೆದು ಜಗ್ಗಿ ಸೊಟ್ಟಗಾಗುತ್ತದೆ. ಅಷ್ಟು ಜಾಗದಲ್ಲಿ ಒತ್ತಕ್ಷರಗಳು ಇರುವೆಗಳಂತೆ ಕಾಣುವುದರಿಂದ ಅಕ್ಷರಗಳನ್ನೇ ಬಿಟ್ಟೆನು. ಬರಹವಿರುವಲ್ಲಿ ಗೆರೆಗಳು, ಶೀರ್ಷಿಕೆಗೆ ಒಂದು ದಪ್ಪ ಗೆರೆ. ಚಿತ್ರದ ಜಾಗದಲ್ಲಿ ಮಾತ್ರ ಬರಿಯ ಚೌಕವನ್ನು ಬಿಡಲಿಲ್ಲ: ನಿಲುವು ಚಿತ್ರ ಹಿಡಿಸುವಲ್ಲಿ ಒಂದು ತಲೆ ಮತ್ತು ಹೆಗಲು, ಅಡ್ಡಪಟ್ಟಿಯಲ್ಲಿ ಸಾಲಾಗಿ ಏಳು ತಲೆಗಳು. ಈ ಒಂದು ಗುರುತಿಗೆ ಯಾರೂ ವಿವರಣೆ ಕೇಳಿಲ್ಲ. ಹೆಸರುಗಳನ್ನೂ ಬದಲಿಸಿದೆವು: 'ಒಬ್ಬರ ಭಾವಚಿತ್ರ', 'ಗುಂಪಿನ ಚಿತ್ರ', 'ಬರಿಯ ಬರಹ'. ಕಣ್ಣು ಕಾಣದ ಸಂಗೀತದ ಅಧ್ಯಾಪಕರೊಬ್ಬರು ಶಾಲೆಯಲ್ಲಿದ್ದಾರೆ. ಪರದೆಯನ್ನು ಓದಿ ಹೇಳುವ ತಂತ್ರಾಂಶಕ್ಕೆ ಈ ಹೆಸರೇ ಆಧಾರ, ನನ್ನ ಏಳು ತಲೆಗಳಲ್ಲ.

ಶಿಷ್ಯನು ನನ್ನ ಗೆರೆಗಳನ್ನು ಎಸ್‌ವಿಜಿ ಎಂಬ ರೂಪಕ್ಕೆ ತಂದನು. ಎಷ್ಟು ಹಿಗ್ಗಿಸಿದರೂ ಅಂಚು ಮಸುಕಾಗದಂತೆ. ಏಳು ತಲೆಗಳನ್ನು ಐದಕ್ಕೆ ಇಳಿಸಿ ಮತ್ತೆ ಕಳುಹಿಸಿದಾಗ ಶಾಲೆಯ ಗಣಕಯಂತ್ರ ಎರಡು ದಿನ ಏಳನ್ನೇ ತೋರಿಸಿತು. ಕಡತದ ಹೆಸರು ಅದೇ ಇದ್ದುದರಿಂದ ಬ್ರೌಸರ್ ತಾನು ಮೊದಲು ಕೂಡಿಟ್ಟುಕೊಂಡದ್ದನ್ನೇ ತೆಗೆದು ಕೊಡುತ್ತಿತ್ತು. ಹೆಸರು ಬದಲಿಸಿದೊಡನೆ ಸರಿಹೋಯಿತು.

ಏಳು ಚಿತ್ರಗಳು ಮುಗಿದಿವೆ. ಪರೀಕ್ಷಾ ವೇಳಾಪಟ್ಟಿಯದು ಬಾಕಿ. ಆ ಅಳತೆಯಲ್ಲಿ ಕೋಷ್ಟಕ ಬರೆದರೆ ಥೇಟ್ ಕಿಟಕಿಯ ಸರಳುಗಳಂತೆ ಕಾಣುತ್ತದೆ. ಪಕ್ಕದಲ್ಲಿ ಗಡಿಯಾರ ಬರೆದರೆ ರೈಲ್ವೆ ನಿಲ್ದಾಣದ ಪುಟ ಎನಿಸುತ್ತದೆ. ನಿಮ್ಮಲ್ಲಿ ಚಿತ್ರ ಬಲ್ಲವರಿಗೆ ಏನಾದರೂ ಹೊಳೆದರೆ ಬರೆದು ತಿಳಿಸಿ.