ಕೂಡಿಡುವುದು ಬೇರೆ, ತಾಳೆ ನೋಡುವುದು ಬೇರೆ

2009ರ ಜನವರಿ 3ರ ದಿನಾಂಕ ಹೊತ್ತ ಬಿಟ್‌ಕಾಯಿನ್‌ನ ಮೊದಲ ಬ್ಲಾಕ್ ಒಂದು ಫ್ಲಾಪಿಯ ಮೂಲೆಯಲ್ಲಿ ಹಿಡಿಸುವಷ್ಟಿತ್ತು. 2015ರ ಹೊತ್ತಿಗೆ ಇಂಥ ಬ್ಲಾಕ್‌ಗಳ ಸರಪಳಿ ಹತ್ತಾರು ಜಿಬಿ ಆಯಿತು. ಈಗ ಅದು 600 ಜಿಬಿ ದಾಟಿರುವುದನ್ನೂ ನೋಡಿದ್ದೇವೆ. ಮೊದಮೊದಲು ನೋಡ್, ಅಂದರೆ ಈ ಲೆಕ್ಕವನ್ನು ಪರೀಕ್ಷಿಸುವ ಕಂಪ್ಯೂಟರ್, ನಡೆಸುವವರಲ್ಲಿ ಒಂದು ನಿಷ್ಠೆಯಿತ್ತು: ಎಲ್ಲರೂ ಎಲ್ಲವನ್ನೂ ಇಟ್ಟುಕೊಂಡರೇ ಲೆಕ್ಕ ಶುದ್ಧ. 2023ರಲ್ಲಿ ಜನ ಕೋತಿ, ಕಪ್ಪೆಗಳ ಚಿತ್ರಗಳನ್ನೂ ಬ್ಲಾಕ್‌ಗೆ ತುಂಬತೊಡಗಿದಾಗ ಆ ನಿಷ್ಠೆಯ ಬೆಲೆ ಕಣ್ಣಿಗೆ ಹೊಡೆಯಿತು. ಯಾರದೋ ಮೋಜಿನ ಚಿತ್ರವನ್ನು ಲೋಕದ ಸಾವಿರಾರು ಡಿಸ್ಕ್‌ಗಳು ಹೊರಬೇಕು! ಆದರೆ ಶುದ್ಧತೆಗೆ ಸಂಗ್ರಹ ಬೇಕಿಲ್ಲ, ಪರೀಕ್ಷೆ ಸಾಕು ಎಂಬುದು ಈ ಕಸುಬಿನಲ್ಲಿ ತಡವಾಗಿ ರೂಢಿಗೆ ಬಂದ ಹಳೆಯ ಸತ್ಯ.

ಹಳೆಯದು ಎನ್ನಲು ಕಾರಣವಿದೆ. ರಾಲ್ಫ್ ಮರ್ಕಲ್ 1979ರಲ್ಲೇ ಹ್ಯಾಶ್‌ಗಳ, ಅಂದರೆ ದತ್ತಾಂಶದ ಬೆರಳಚ್ಚುಗಳ, ಮರವನ್ನು ರೂಪಿಸಿದ್ದ. ಒಂದು ಬ್ಲಾಕ್‌ನಲ್ಲಿ 4096 ವಹಿವಾಟುಗಳಿದ್ದರೂ ಅದರಲ್ಲೊಂದು ಇದೆಯೆಂದು ತೋರಿಸಲು 12 ಹ್ಯಾಶ್, ಅಂದರೆ 384 ಬೈಟ್ ಸಾಕು. ಒಂದಕ್ಷರ ತಿದ್ದಿದರೂ ಮರದ ಬೇರಿನ ಹ್ಯಾಶ್ ಬದಲಾಗುತ್ತದೆ. ಸತೋಶಿ ನಾಕಾಮೊಟೊ 2008ರ ಪ್ರಬಂಧದಲ್ಲೇ ಡಿಸ್ಕ್ ಜಾಗ ಉಳಿಸುವ ಮಾತೆತ್ತಿ, ಬ್ಲಾಕ್‌ಗಳ 80 ಬೈಟ್‌ನ ಹೆಡರ್‌ಗಳು ವರ್ಷಕ್ಕೆ 4.2 ಎಂಬಿ ಮಾತ್ರ ಎಂದು ಲೆಕ್ಕ ಹಾಕಿದ್ದ. ಆದರೂ ಹಳೆಯ ಬ್ಲಾಕ್‌ಗಳನ್ನು ಅಳಿಸುವ ಪ್ರೂನಿಂಗ್ ಬಂದದ್ದು 2015ರ ಬಿಟ್‌ಕಾಯಿನ್ ಕೋರ್ ತಂತ್ರಾಂಶದ 0.11 ಆವೃತ್ತಿಯಲ್ಲಿ. ಅಂಗಡಿಯವನು ಹಳೆಯ ಖಾತೆಯನ್ನೆಲ್ಲ ತಾಳೆ ನೋಡಿ ಬಾಕಿಯನ್ನಷ್ಟೇ ಹೊಸ ಪುಸ್ತಕಕ್ಕೆ ಇಳಿಸಿಕೊಂಡಂತೆ, ನೋಡ್ ಮೊದಲ ಬ್ಲಾಕ್‌ನಿಂದ ಎಲ್ಲವನ್ನೂ ಪರೀಕ್ಷಿಸಿ, ಖರ್ಚಾಗದ ನಾಣ್ಯಗಳ ಪಟ್ಟಿಯನ್ನೂ ಇತ್ತೀಚಿನ ಬ್ಲಾಕ್‌ಗಳನ್ನೂ ಉಳಿಸಿಕೊಂಡು ಮಿಕ್ಕದ್ದನ್ನು ಅಳಿಸುತ್ತದೆ.

ಕಡತ ಸುಟ್ಟಮೇಲೆ ಸಾಕ್ಷಿ ಎಲ್ಲಿ ಎಂದು ಕೇಳಿದವರಿದ್ದರು. ತಾನೇ ಪರೀಕ್ಷಿಸಿದವನಿಗೆ ಆ ಪ್ರಶ್ನೆ ಕಾಡದು. ಹೊಸಬನಿಗೆ ಮಾತ್ರ ಕಾಡುತ್ತದೆ. ಅವನಿಗೆ ಪೂರ್ತಿ ಇತಿಹಾಸ ಯಾರಾದರೂ ಕೊಡಬೇಕು. ಹ್ಯಾಶ್ ಸುಳ್ಳನ್ನು ಹಿಡಿಯುತ್ತದೆ, ಕಳೆದುಹೋದದ್ದನ್ನು ಹುಡುಕಿಕೊಡುವುದಿಲ್ಲ. ಇಥೀರಿಯಂ ಎಂಬ ಇನ್ನೊಂದು ಸರಪಳಿ ಈ ದಾರಿಯಲ್ಲಿ ಇನ್ನೂ ಮುಂದೆ ಹೋಯಿತು: 2024ರ ಮಾರ್ಚ್‌ನಲ್ಲಿ ಬಂದ ಬ್ಲಾಬ್ ಎಂಬ ತಾತ್ಕಾಲಿಕ ದತ್ತಾಂಶದ ಕಟ್ಟುಗಳನ್ನು ನೋಡ್‌ಗಳು ಸುಮಾರು 18 ದಿನ ಮಾತ್ರ ಇಟ್ಟುಕೊಳ್ಳಬೇಕು, 2022ರ ಸೆಪ್ಟೆಂಬರ್‌ನ ಮರ್ಜ್ ಎಂಬ ಮಾರ್ಪಾಟಿಗಿಂತ ಹಿಂದಿನ ಬ್ಲಾಕ್‌ಗಳನ್ನು ಕೈಬಿಡುವ ಅವಕಾಶ 2025ರಲ್ಲಿ ಬಂತು. ಇದು ಸರಿಯಾದ ಹೆಜ್ಜೆಯೇ, ಏಕೆಂದರೆ ಹಳೆಯದನ್ನು ಅಪರಿಚಿತನಿಂದ ಪಡೆದರೂ ಹ್ಯಾಶ್ ತಾಳೆ ನೋಡಬಹುದು, ಅವನನ್ನು ನಂಬಬೇಕಿಲ್ಲ. ಅಂಥ ಅಪರಿಚಿತನೊಬ್ಬ ಇರಲೇಬೇಕು ಎಂಬುದಷ್ಟೇ ತೊಡಕು. ಹಳೆಯ ಬ್ಲಾಕ್‌ಗಳನ್ನು ಕಾಯ್ದಿಟ್ಟು ಹಂಚುವ ಕೆಲಸಕ್ಕೆ ಬಿಟ್‌ಕಾಯಿನ್ ನಿಯಮದಲ್ಲಾಗಲಿ ಇಥೀರಿಯಂ ನಿಯಮದಲ್ಲಾಗಲಿ ಬಿಡಿಗಾಸಿನ ಕೂಲಿಯೂ ಇಲ್ಲ.