ಬೈತಲೆಯ ಅಗಲ

ಊರು ಬಿಟ್ಟು ಬಂದ ನಮ್ಮ ಕಡೆಯ ಹೆಂಗಸರು ನಾಲ್ಕು ಜನ ಸೇರಿದರೆ ಮಾತು ಸುತ್ತಿ ಬಳಸಿ ನೀರಿಗೆ ಬಂದು ನಿಲ್ಲುತ್ತದೆ. ಹೈದರಾಬಾದಿನವಳು ಬೋರ್‌ವೆಲ್ಲಿನ ಗಡಸು ನೀರನ್ನು ಬೈಯುತ್ತಾಳೆ, ಚೆನ್ನೈಯವಳು ಟ್ಯಾಂಕರನ್ನು, ಪುಣೆಯವಳು ಸೊಸೈಟಿಯ ಸಂಪನ್ನು. ದೂರು ಮಾತ್ರ ಒಂದೇ: ಇಲ್ಲಿಗೆ ಬಂದ ಮೇಲೆ ಕೂದಲು ಉದುರಲು ಶುರುವಾಯಿತು. ಊರಲ್ಲಿದ್ದಾಗ ಜಡೆ ಸೊಂಟ ಮುಟ್ಟುತ್ತಿತ್ತು ಎಂಬ ಮಾತೂ ಅದರ ಬೆನ್ನಿಗೇ ಬರುತ್ತದೆ. ಊರಲ್ಲಿದ್ದಾಗ ನಮಗೆಲ್ಲ ಹದಿನೆಂಟು ವರ್ಷ ಎಂಬುದನ್ನು ಯಾರೂ ಲೆಕ್ಕಕ್ಕೆ ಹಿಡಿಯುವುದಿಲ್ಲ.

ನನ್ನ ಮಟ್ಟಿಗೆ ಈ ವಾದ ನಿಲ್ಲಲಿಲ್ಲ. ಮೂರು ವರ್ಷದ ಹಿಂದೆ ಮುಲುಂಡಿನಲ್ಲಿ ನನ್ನ ಕೂದಲು ಉದುರತೊಡಗಿದ ತಿಂಗಳಲ್ಲೇ ಉಡುಪಿಯ ಹತ್ತಿರ ನಮ್ಮ ಮನೆಯಲ್ಲಿ ಅಮ್ಮನದೂ ಉದುರುತ್ತಿತ್ತು. ನಾನು ಮೀಯುವುದು ಭಾತ್ಸಾ, ತಾನ್ಸಾ ಜಲಾಶಯಗಳಿಂದ ಪಾಲಿಕೆ ಕಳಿಸುವ ನೀರಿನಲ್ಲಿ. ಅಮ್ಮ ಮೀಯುವುದು ಮದುವೆಯಾಗಿ ಬಂದ ದಿನದಿಂದ ಸೇದುತ್ತಿರುವ ಅದೇ ಬಾವಿಯ ನೀರಿನಲ್ಲಿ. “ಎಂತ ಮಾರಾಯ್ತಿ, ಗುಡಿಸಿದಲ್ಲೆಲ್ಲ ಕೂದಲೇ ಸಿಗ್ತದೆ” ಎಂದು ಅಮ್ಮ ಫೋನಿನಲ್ಲಿ ಹೇಳಿದರೆ “ಇಲ್ಲಿಯೂ ಅದೇ ಅಮ್ಮ” ಎನ್ನುತ್ತಿದ್ದೆ. ಅಪ್ಪ ತೀರಿಕೊಂಡು ಆಗ ಮೂರು ತಿಂಗಳಾಗಿತ್ತು.

ಇವೆರಡನ್ನೂ ಜೋಡಿಸಿದ್ದು ಚರ್ಮರೋಗದ ಡಾಕ್ಟರು. ಯಾವ ಶ್ಯಾಂಪೂ, ಯಾವ ಎಣ್ಣೆ ಎಂದು ಕೇಳಿಯಾರು ಅಂದುಕೊಂಡು ಹೋಗಿದ್ದೆ. ಅವರು ಕೇಳಿದ ಮೊದಲ ಪ್ರಶ್ನೆ, “ಎರಡು ಮೂರು ತಿಂಗಳ ಹಿಂದೆ ಏನಾದರೂ ಆಗಿತ್ತಾ? ಜ್ವರ, ಆಪರೇಷನ್, ಹೆರಿಗೆ?” ಹೇಳಿದೆ. ಅವರು ಪೆನ್ನು ಕೆಳಗಿಟ್ಟು ಒಂದು ಗಳಿಗೆ ಸುಮ್ಮನಿದ್ದರು. ಆಮೇಲೆ ವಿವರಿಸಿದರು. ತಲೆಯ ಮೇಲೆ ಸುಮಾರು ಒಂದು ಲಕ್ಷ ಕೂದಲು. ಪ್ರತಿಯೊಂದಕ್ಕೂ ಅದರದೇ ಪಂಚಾಂಗ. ಎರಡರಿಂದ ಆರು ವರ್ಷ ಬೆಳೆಯುತ್ತದೆ, ಆಮೇಲೆ ಮೂರು ತಿಂಗಳ ಮಟ್ಟಿಗೆ ಸುಮ್ಮನಿದ್ದು ಬೀಳುತ್ತದೆ. ಎಲ್ಲದರ ತಿಥಿ ಒಂದೇ ದಿನ ಬರುವುದಿಲ್ಲವಾದ್ದರಿಂದ ದಿನಕ್ಕೆ 50ರಿಂದ 100 ಬಿದ್ದರೂ ನಮಗೆ ಗೊತ್ತಾಗುವುದಿಲ್ಲ. ಟೈಫಾಯ್ಡ್, ಡೆಂಗಿ, ಬಾಣಂತನ, ಸಾವು, ಇಂಥ ದೊಡ್ಡ ಪೆಟ್ಟು ಬಿದ್ದಾಗ ಮಾತ್ರ ಬಹಳಷ್ಟು ಕೂದಲು ಒಟ್ಟಿಗೇ ಬೆಳವಣಿಗೆ ನಿಲ್ಲಿಸಿಬಿಡುತ್ತವೆ. ಅವು ಉದುರುವುದು ಆ ಹೊತ್ತಿಗಲ್ಲ, ಎರಡು ಮೂರು ತಿಂಗಳು ಕಳೆದ ಮೇಲೆ. ಇದಕ್ಕೆ ಟೆಲೋಜೆನ್ ಎಫ್ಲುವಿಯಂ ಎಂದು ಹೆಸರು.

ಅಂದರೆ ಉತ್ತರಕ್ರಿಯೆ ಮುಗಿದು, ನೆಂಟರು ಹೊರಟುಹೋಗಿ, ಬ್ಯಾಂಕಿನ ಕಾಗದಪತ್ರಗಳಿಗೆ ಸಹಿ ಹಾಕಿ, ಕೇಳಿದವರಿಗೆ “ಈಗ ಪರವಾಗಿಲ್ಲ” ಎಂದು ಹೇಳಲು ನಾವು ಅಭ್ಯಾಸ ಮಾಡಿಕೊಂಡ ಹೊತ್ತಿಗೆ ತಲೆ ತನ್ನ ಲೆಕ್ಕ ತೆಗೆಯುತ್ತದೆ.

ಹೊಸ ಊರಿಗೆ ಬಂದ ಹುಡುಗಿಯರ ವಿಷಯದಲ್ಲೂ ಅರ್ಧಕ್ಕರ್ಧ ನಡೆಯುವುದು ಇದೇ ಇರಬೇಕು ಎಂದು ನನ್ನ ಅನುಮಾನ. ಪೀಜಿಯ ಊಟ, ರಾತ್ರಿ ಪಾಳಿ, ಬಂದ ಹೊಸತರಲ್ಲಿ ಹಿಡಿದ ಜ್ವರ. ನೀರಿನ ಮೇಲೆ ಹಾಕುವುದು ಸುಲಭ, ನೀರು ಮರುಮಾತಾಡುವುದಿಲ್ಲ.

ಈ ಬಗೆಯದು ತಾನಾಗಿ ಮರಳಿ ಬರುತ್ತದಂತೆ. ನನ್ನದು ಬಂತು, ಪೂರ್ತಿ ಬರಲಿಲ್ಲ. ಡಾಕ್ಟರು ಪುಟ್ಟ ದೀಪವಿರುವ ಮಸೂರವನ್ನು ನೆತ್ತಿಗಿಟ್ಟು ಫೋನಿನಲ್ಲಿ ತೋರಿಸಿದರು. ಒಂದು ದಪ್ಪ ಕೂದಲಿನ ಪಕ್ಕದಲ್ಲಿ ಎರಡು ಸಣಕಲು, ಇನ್ನೊಂದು ಕಂಡೂ ಕಾಣದ ಹಾಗೆ. ಕೂದಲಿನ ಬೇರು ಪ್ರತಿ ಸುತ್ತಿಗೂ ಸ್ವಲ್ಪ ಸ್ವಲ್ಪ ಸಣ್ಣಗಾಗುವ ಇನ್ನೊಂದು ತೊಂದರೆ ಒಳಗೊಳಗೇ ಇತ್ತು, ಅಪ್ಪನ ಸಾವು ಅದರ ಮುಸುಕು ತೆಗೆಯಿತು, ಅಷ್ಟೆ. ಗಂಡಸರಿಗೆ ಹಣೆ ಹಿಂದಕ್ಕೆ ಸರಿಯುತ್ತದೆ. ಹೆಂಗಸರಿಗೆ ಸಾಮಾನ್ಯವಾಗಿ ಹಣೆಯ ಅಂಚು ಹಾಗೇ ಇದ್ದು ಬೈತಲೆ ಅಗಲವಾಗುತ್ತದೆ. 1977ರಲ್ಲಿ ಲುಡ್‌ವಿಗ್ ಎಂಬ ವೈದ್ಯರು ಇದನ್ನು ಮೂರು ಮೆಟ್ಟಿಲಾಗಿ ವಿಂಗಡಿಸಿದ್ದಾರೆ. ನಾನು ಒಂದನ್ನು ದಾಟಿ ಎರಡರ ಹೊಸ್ತಿಲಲ್ಲಿದ್ದೇನೆ.

ಬೈತಲೆಯ ತಮಾಷೆ ಏನೆಂದರೆ ಅದು ಅವರವರ ಕನ್ನಡಿಗೆ ಸರಿಯಾಗಿ ಕಾಣುವುದಿಲ್ಲ. ಎದುರಿನಿಂದ ನೋಡಿದರೆ ಎಲ್ಲ ಮೊದಲಿನಂತೆಯೇ. ಕಾಣುವುದು ಮೇಲಿನಿಂದ ನೋಡುವವರಿಗೆ. ಮುಂಬಯಿಯಲ್ಲಿ ಮೇಲಿನಿಂದ ನೋಡುವವರಿಗೆ ಬರವಿಲ್ಲ. ಲೋಕಲ್ ಟ್ರೇನಿನ ಲೇಡೀಸ್ ಡಬ್ಬಿಯಲ್ಲಿ ಕುಳಿತವರ ನೆತ್ತಿಯೆಲ್ಲ ನಿಂತವರ ಕಣ್ಣಿನ ನೇರಕ್ಕೇ ಇರುತ್ತದೆ. ಹಿಡಿಕೆಗೆ ಜೋತುಬಿದ್ದವರಿಗೆ ದಾದರ್ ಬರುವತನಕ ಬೇರೆ ಏನು ಕೆಲಸ? ಹಾಗಾಗಿ ಕುಳಿತುಕೊಳ್ಳಲು ಜಾಗ ಸಿಕ್ಕರೂ ನಿಂತೇ ಹೋಗುವುದನ್ನು ರೂಢಿ ಮಾಡಿಕೊಂಡೆ. ಮುಲುಂಡಿನಿಂದ ಸೀಟು ಹಿಡಿಯಲು ಹೆಂಗಸರು ಎಷ್ಟು ಪಾಡು ಪಡುತ್ತಾರೆಂದು ಗೊತ್ತಿದ್ದವರಿಗೆ ಇದರ ಬೆಲೆ ತಿಳಿದೀತು. ಆಫೀಸಿನಲ್ಲಿ ಟ್ಯೂಬ್‌ಲೈಟಿನ ನೇರ ಕೆಳಗಿನ ಕುರ್ಚಿಯನ್ನೂ ಬಿಟ್ಟೆ. ಡಬ್ಬಿಗೆ ಕ್ಲಿಪ್ಪು ಮಾರಲು ಬರುವ ಹೆಂಗಸು ಮಾತ್ರ ಒಂದು ದಿನ ನನ್ನನ್ನು ನೋಡಿ ದೊಡ್ಡ ಕ್ಲಿಪ್ಪುಗಳ ಹಲಗೆಯನ್ನು ಸರಿಸಿ ಮಕ್ಕಳ ಪುಟಾಣಿ ಕ್ಲಿಪ್ಪುಗಳದ್ದನ್ನು ಮುಂದೆ ಹಿಡಿದಳು. ವ್ಯಾಪಾರ ಬಲ್ಲವಳು.

ಹೂವಿನದು ಇನ್ನೊಂದು ಕಥೆ. ನಮ್ಮ ಶಂಕರಪುರ ಮಲ್ಲಿಗೆ ಮುಂಬಯಿಗೂ ಬರುತ್ತದೆ. ಊರಿನ ಲೆಕ್ಕದಲ್ಲಿ ನಾಲ್ಕು ಚೆಂಡಿಗೆ ಒಂದು ಅಟ್ಟೆ. ಮಾಟುಂಗಾದಲ್ಲಿ ಆ ಹೂ ಕಂಡರೆ ತೆಗೆದುಕೊಳ್ಳದೆ ಬರಲು ನನಗೆ ಆಗುವುದಿಲ್ಲ. ಅದಕ್ಕೆ ಊರಿನ ಮದುವೆಮನೆಗಳ ವಾಸನೆಯಿದೆ. ಆದರೆ ತೆಳ್ಳಗಿನ ಕೂದಲಲ್ಲಿ ಪಿನ್ನು ನಿಲ್ಲುವುದಿಲ್ಲ, ಮಾಲೆಯ ಭಾರಕ್ಕೆ ಜಾರಿ ಹೆಗಲಿಗೆ ಬರುತ್ತದೆ. ಕನ್ನಡದಲ್ಲಿ ಹೂವನ್ನು ಮುಡಿಯುತ್ತೇವೆ. ಮುಡಿ ಎಂದರೆ ಕೂದಲೂ ಹೌದು. ತಿರುಪತಿಗೆ ಹರಕೆ ಹೊತ್ತು ಕೊಡುವುದೂ ಮುಡಿಯನ್ನೇ. ನಮ್ಮ ಕರಾವಳಿಯಲ್ಲಿ ಬೈಹುಲ್ಲಿನಲ್ಲಿ ಕಟ್ಟಿಟ್ಟ ಅಕ್ಕಿಗೂ ಮುಡಿ ಎನ್ನುತ್ತೇವೆ. ಒಟ್ಟಿನಲ್ಲಿ ತುಂಬಿಕೊಂಡಿದ್ದರೇ ಅದು ಮುಡಿ. ನನ್ನ ಹೂವು ಈಗ ದೇವರ ಫೋಟೋಕ್ಕೆ ಹೋಗುತ್ತದೆ.

ಔಷಧದ ವಿಷಯ ಬೇಗ ಹೇಳಿ ಮುಗಿಸುತ್ತೇನೆ. ರಕ್ತ ಪರೀಕ್ಷೆಯಲ್ಲಿ ಥೈರಾಯ್ಡ್ ಸರಿಯಿತ್ತು, ಕಬ್ಬಿಣದ ಸಂಗ್ರಹ ಹೇಳುವ ಫೆರಿಟಿನ್ ತಳ ಕಂಡಿತ್ತು. ಅದಕ್ಕೆ ಮಾತ್ರೆ. ನೆತ್ತಿಗೆ ಮಿನಾಕ್ಸಿಡಿಲ್. ಇದು ಮೊದಲು ರಕ್ತದೊತ್ತಡದ ಗುಳಿಗೆಯಾಗಿತ್ತು. ನುಂಗಿದವರ ಮೈಯಲ್ಲೆಲ್ಲ ಕೂದಲು ಬೆಳೆಯುವುದು ಕಂಡು ಅದನ್ನೇ ದ್ರಾವಣ ಮಾಡಿದರು. ಅಮೆರಿಕದಲ್ಲಿ 1988ರಲ್ಲಿ ಗಂಡಸರಿಗೆ, 1991ರಲ್ಲಿ ಹೆಂಗಸರಿಗೆ ಒಪ್ಪಿಗೆ ಸಿಕ್ಕಿತು. ಹಚ್ಚಲು ಶುರುಮಾಡಿದ ಮೊದಲ ಕೆಲವು ವಾರ ಇನ್ನೂ ಹೆಚ್ಚು ಉದುರಬಹುದು, ಹೆದರಿ ಬಿಡಬೇಡಿ ಎಂದು ಡಾಕ್ಟರು ಮೊದಲೇ ಹೇಳಿದ್ದರಿಂದ ಬಚಾವಾದೆ. ಆರನೆಯ ತಿಂಗಳಿಗೆ ಬೈತಲೆಯ ಅಂಚಿನಲ್ಲಿ ಎಳೆ ಗರಿಕೆಯಂಥ ಕೂದಲು ಕಂಡವು. ಹಚ್ಚುವುದು ನಿಲ್ಲಿಸಿದರೆ ಅವೂ ಹೋಗುತ್ತವೆ. ಬಸುರಿಯರು, ಮಗುವಿಗೆ ಹಾಲೂಡುವವರು ಇದನ್ನು ಹಚ್ಚಬಾರದು, ಆದ್ದರಿಂದ ನನ್ನ ಮಾತು ಕೇಳಿ ಯಾರೂ ನೇರ ಅಂಗಡಿಗೆ ಓಡಬೇಡಿ.

ಅಮ್ಮನಿಗೆ ಇದ್ಯಾವುದೂ ಒಪ್ಪಿಗೆಯಿಲ್ಲ. ಮತ್ಸ್ಯಗಂಧದಲ್ಲಿ ಬರುವವರ ಕೈಯಲ್ಲಿ ಒಂದೆಲಗ, ಕರಿಬೇವು ಹಾಕಿ ಕಾಯಿಸಿದ ತೆಂಗಿನೆಣ್ಣೆ ಬರುತ್ತಲೇ ಇತ್ತು. ಜೊತೆಗೆ ಗೊಂಪು ಮಾಡಲೆಂದು ಒದ್ದೆ ಬಟ್ಟೆಯಲ್ಲಿ ಸುತ್ತಿದ ದಾಸವಾಳದ ಎಲೆ. ಹಚ್ಚಿದರೆ ತಲೆ ತಂಪಾಗುವುದು ನಿಜ, ನಿದ್ದೆ ಬರುವುದೂ ನಿಜ. ಕೂದಲು ಬರುವುದರ ಬಗ್ಗೆ ನಾನು ಅಮ್ಮನೊಂದಿಗೆ ವಾದಿಸುವುದಿಲ್ಲ.

ಹೋದ ದೀಪಾವಳಿಗೆ ಅಮ್ಮ ಇಲ್ಲಿಗೆ ಬಂದರು. ಎರಡು ವರ್ಷದಲ್ಲಿ ಅವರ ತಲೆ ನನ್ನದಕ್ಕಿಂತ ಬೋಳಾಗಿತ್ತು. ಮನೆಯೊಳಗೂ ಸೆರಗನ್ನು ತಲೆಯ ಮೇಲೆ ಎಳೆದುಕೊಂಡು ಓಡಾಡುವುದು ನೋಡಿ ಚಳಿಯಾಗುತ್ತದಾ ಎಂದು ಕೇಳಿದೆ. ಮುಂಬಯಿಯ ಅಕ್ಟೋಬರಿನಲ್ಲಿ! ಅಮ್ಮ ಮಾತಾಡಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ತೊಗರಿಬೇಳೆ ಆರಿಸುತ್ತ ತನ್ನ ಅಜ್ಜಿಯ ವಿಷಯ ತೆಗೆದರು. ಆ ಅಜ್ಜಿ ಮೈನೆರೆಯುವ ಮೊದಲೇ ಗಂಡನನ್ನು ಕಳೆದುಕೊಂಡು ಮಡಿಯಾದವರಲ್ಲ, ಆರು ಮಕ್ಕಳಾದ ಮೇಲೆ ಆದವರು. ಆದರೂ ತಲೆ ಬೋಳಿಸಿದರು. ತಿಂಗಳಿಗೊಮ್ಮೆ ಹಿತ್ತಿಲ ಬಾಗಿಲಿಗೆ ಕ್ಷೌರದವನು ಬರುವಾಗ ಮಕ್ಕಳನ್ನೆಲ್ಲ ಮುಂದಿನ ಅಂಗಳಕ್ಕೆ ಅಟ್ಟುತ್ತಿದ್ದರಂತೆ. ಅಮ್ಮ ಒಮ್ಮೆ ಹಲಸಿನ ಮರದ ಹಿಂದಿನಿಂದ ನೋಡಿದ್ದರು.

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ವನ್ನು ನಾನು ಕಾಲೇಜಿನಲ್ಲಿ ಓದಿದ್ದೆ, ಪ್ರೇಮಾ ಕಾರಂತರ ಸಿನಿಮಾವನ್ನೂ ನೋಡಿದ್ದೆ. ಅದು ಮುಗಿದುಹೋದ ಕಾಲದ ಕಥೆ ಎಂಬಂತೆ ಓದಿದ್ದೆ. ನಮ್ಮ ಅಡುಗೆಮನೆಯಲ್ಲಿ ಅದು ಮುಗಿದಿರಲಿಲ್ಲ.

“ನನಗೆ ಯಾರೂ ಎಂತದೂ ಹೇಳ್ಲಿಲ್ಲ, ಅಪ್ಪ ಹೋದ ಮೇಲೆ ಕುಂಕುಮ ಇಟ್ಟರೂ ಹೇಳ್ಲಿಲ್ಲ. ಆದ್ರೆ ತಲೆ ನೋಡು, ಅದೇ ಹೇಳಿದ ಹಾಗಾಯ್ತಲ್ಲ” ಎಂದರು.

ನನಗೆ ಬೈತಲೆ ಅಗಲವಾಗುವುದೆಂದರೆ ವಯಸ್ಸು, ಟ್ರೇನು, ಫೋಟೋ. ಅಮ್ಮನಿಗೆ ಅದರ ಅರ್ಥ ಬೇರೆಯೇ ಇದೆಯೆಂದು ಈ ಎರಡು ವರ್ಷ ಅವರು ಬಾಯಿಬಿಟ್ಟಿರಲಿಲ್ಲ. ಎಣ್ಣೆ ಬಾಟಲಿಗಳ ಮೇಲೆ ಅವರಿಗೆ ಅಷ್ಟು ಹಟ ಯಾಕೆಂದು ಆಗ ತಿಳಿಯಿತು.

ಮರುವಾರ ಅದೇ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಈ ವಯಸ್ಸಿನಲ್ಲೂ ಔಷಧ ಹಚ್ಚಬಹುದು, ಪೂರ್ತಿ ಬರುತ್ತದೆಂಬ ಆಸೆ ಬೇಡ ಎಂದರು. ಅಮ್ಮ ಹರಕು ಹಿಂದಿಯಲ್ಲಿ “ಬೇಡ, ಚೌರಿ ಇಟ್ಟುಕೊಂಡರೆ ಉಳಿದ ಕೂದಲಿಗೆ ತೊಂದರೆ ಉಂಟಾ?” ಎಂದು ಕೇಳಿದರು. ಡಾಕ್ಟರು ನಕ್ಕು, ಬಿಗಿಯಾಗಿ ಎಳೆದು ಕಟ್ಟದಿದ್ದರೆ ಸಾಕು ಎಂದರು.

ಹಾಗೆ ನಾವಿಬ್ಬರೂ ದಾದರಿಗೆ ಹೋದೆವು. ನಮ್ಮ ಚೌರಿಗೆ ಮರಾಠಿಯಲ್ಲಿ ಗಂಗಾವನ ಎನ್ನುತ್ತಾರೆ. “ಗಂಗಾವನವಾ? ಕಾಶಿಯ ಹತ್ತಿರದ ಊರಿನ ಹೆಸರಿನ ಹಾಗೆ ಕೇಳ್ತದೆ” ಎಂದು ಅಮ್ಮನಿಗೆ ಖುಷಿ. ಅಂಗಡಿಯವನು ತೋರಿಸಿದ್ದೆಲ್ಲ ಕಡುಗಪ್ಪು. ಅಮ್ಮನಿಗೆ ಬೇಕಾಗಿದ್ದದ್ದು ಎಳ್ಳು ಅಕ್ಕಿ ಬೆರೆಸಿದಂಥ ಬಣ್ಣ. ಅದು ಸಿದ್ಧ ಸಿಗುವುದಿಲ್ಲ, ಮಾದರಿ ಕೊಟ್ಟರೆ ಮಾಡಿಸಿಕೊಡುತ್ತೇನೆ ಎಂದ. ಅಮ್ಮ ಕೈಚೀಲದಿಂದ ಒಂದು ಪೊಟ್ಟಣ ತೆಗೆದರು. ಅದರಲ್ಲಿ ಎರಡು ವರ್ಷದಿಂದ ಬಾಚಣಿಗೆಯಿಂದ ಬಿಡಿಸಿ ಸುತ್ತಿಟ್ಟ ಕೂದಲಿನ ಉಂಡೆಗಳು. ಹಿಂದೆ ಊರಲ್ಲಿ ಹೆಂಗಸರು ಚೌರಿ ಮಾಡಿಸಲು ಹೀಗೇ ಕೂಡಿಡುತ್ತಿದ್ದರು. ಅಂಗಡಿಯವನು ಅದನ್ನು ಕೈಯಲ್ಲೇ ತೂಗಿ ನೋಡಿ, ಇದು ಅರ್ಧಕ್ಕೂ ಸಾಲದು, ಉಳಿದದ್ದಕ್ಕೆ ಬೇರೆ ಕೂದಲು ಸೇರಿಸಬೇಕಾಗುತ್ತದೆ ಎಂದ. ಸೇರಿಸುವುದಕ್ಕೆ ಹೇಳಿದ ರೇಟು ಕೇಳಿ ಅಮ್ಮ ಪೊಟ್ಟಣವನ್ನು ವಾಪಸು ಮಡಚಿದರು.

ಮೆಟ್ಟಿಲಿಳಿಯುವಾಗ ನನ್ನ ಕಡೆ ತಿರುಗಿ ಕೇಳಿದರು, “ನಿಂದು ದಿನಕ್ಕೆ ಎಷ್ಟು ಉದುರ್ತದೆ? ಬಿಸಾಡ್ಬೇಡ ಇನ್ನು ಮೇಲೆ.”