ಲಗ್ಗೆರೆಯ ತಾರಸಿ ಮೇಲೊಂದು ಹಾಯಿದೋಣಿ

ಲಗ್ಗೆರೆಯಿಂದ ಮಂಗಳೂರಿನ ಸಮುದ್ರಕ್ಕೆ ರಸ್ತೆಯಲ್ಲಿ ಸುಮಾರು 350 ಕಿಲೋಮೀಟರ್. ಆದರೂ ನಮ್ಮ ಟ್ವೆಂಟಿ-ಥರ್ಟಿ ಸೈಟಿನ ಮನೆಯ ತಾರಸಿ ಮೇಲೆ, ನೀರಿನ ಟ್ಯಾಂಕಿಗೂ ಬಟ್ಟೆ ಒಣಹಾಕೋ ತಂತಿಗೂ ಮಧ್ಯೆ, ಒಂದು ಹಾಯಿದೋಣಿ ಇದೆ. ಮೇಲೆ ಬಂದವರೆಲ್ಲ ಮೊದಲು ಅದನ್ನ ನೋಡ್ತಾರೆ, ಆಮೇಲೆ ನನ್ನ ಮುಖ ನೋಡ್ತಾರೆ. "ಲಾಕ್‌ಡೌನ್ ಟೈಮಲ್ಲಿ ರಿಪೇರಿ ಮಾಡಿದ್ದು" ಅಂತ ಹೇಳಿ ಸುಮ್ಮನಾಗ್ತೀನಿ. ಪೂರ್ತಿ ಕಥೆ ಇವತ್ತು ಬರೀತಿದ್ದೀನಿ. ಯಾಕೆ ಅಂತ ಕೊನೆಯಲ್ಲಿ ಗೊತ್ತಾಗುತ್ತೆ.

ಲಗ್ಗೆರೆ ಗೊತ್ತಿಲ್ಲದವರಿಗೆ ಒಂದು ಮಾತು. ಗೊರಗುಂಟೆಪಾಳ್ಯದಿಂದ ಔಟರ್ ರಿಂಗ್ ರೋಡ್ ಹಿಡಿದು ಸುಮನಹಳ್ಳಿ ಕಡೆ ಬಂದರೆ ಡಾ. ರಾಜ್‌ಕುಮಾರ್ ಸಮಾಧಿ ಇರುವ ಕಂಠೀರವ ಸ್ಟುಡಿಯೋ ಸಿಗುತ್ತೆ, ಸ್ವಲ್ಪ ಮುಂದೆ ಲಗ್ಗೆರೆ ಬ್ರಿಡ್ಜ್. ಹೆಸರಿನ ಕೊನೆಯ 'ಗೆರೆ' ಕೇಳಿದರೆ ದಾವಣಗೆರೆಯ ಹಾಗೆ ಇಲ್ಲೂ ಯಾವುದೋ ಕೆರೆ ಇರಬೇಕು ಅನ್ನಿಸುತ್ತೆ. ಆದರೆ ನಾನು ಬೆಳೆಯುವಾಗ ನಮ್ಮ ಬೀದಿ ಹತ್ತಿರ ನೋಡಿದ ನೀರು ಅಂದ್ರೆ ರಾಜಕಾಲುವೆಯದು ಮಾತ್ರ. ಅದರಲ್ಲಿ ಕಾಗದದ ದೋಣಿ ಬಿಡೋಕೂ ಯಾರಿಗೂ ಮನಸ್ಸು ಬರಲ್ಲ.

ಲಗ್ಗೆರೆ ನಡೆಯೋದು ಶೆಡ್‌ಗಳಿಂದ. ಪಕ್ಕದಲ್ಲೇ ಪೀಣ್ಯ, ರಾಜಗೋಪಾಲನಗರ. ಲೇತ್, ಪವರ್ ಪ್ರೆಸ್, ಪೌಡರ್ ಕೋಟಿಂಗ್, ಗಾರ್ಮೆಂಟ್ಸ್. ನಮ್ಮಪ್ಪನದೂ ರಾಜಗೋಪಾಲನಗರದಲ್ಲಿ ಒಂದು ಬಾಡಿಗೆ ಶೆಡ್ ಇತ್ತು, 1998ರಿಂದ. ಫೈಬರ್ ಕೆಲಸ. ಮಷಿನ್ ಕವರ್, ಸೆಕ್ಯುರಿಟಿ ಕ್ಯಾಬಿನ್, ಪಾರ್ಕಿನ ಜಾರುಬಂಡಿ, ಇಂಥವು. ನನ್ನ ಎಂಜಿನಿಯರಿಂಗ್ ಫೀಸು ಬಂದಿದ್ದು ಆ ಶೆಡ್‌ನಿಂದಲೇ. ಆದರೆ ನಾನು ಅಲ್ಲಿಗೆ ಹೋಗ್ತಿದ್ದಿದ್ದು ವರ್ಷಕ್ಕೊಂದು ಸಲ, ಆಯುಧಪೂಜೆ ದಿನ, ಕಡ್ಲೆಪುರಿ ತಿನ್ನೋಕೆ. ಕೆಲಸ ಸಿಕ್ಕಿದ ಮೇಲೆ ಬೆಳಿಗ್ಗೆ ಏಳಕ್ಕೆ ವೈಟ್‌ಫೀಲ್ಡ್ ಕ್ಯಾಬ್ ಹತ್ತಿದರೆ ವಾಪಸ್ ಬರೋದು ರಾತ್ರಿ. ಹಗಲಲ್ಲಿ ಲಗ್ಗೆರೆ ಹೇಗಿರುತ್ತೆ ಅನ್ನೋದೇ ಮರೆತುಹೋಗಿತ್ತು.

2020ರ ಮಾರ್ಚ್ 25ರಂದು ಲಾಕ್‌ಡೌನ್ ಶುರುವಾಯ್ತಲ್ಲ, ಆವತ್ತು ನಂಗೆ ಮೊದಲು ಗೊತ್ತಾಗಿದ್ದು ಸದ್ದು ಇಲ್ಲದಿರೋದು. ನಮ್ಮ ಬೀದಿಯ ಕೊನೆಯಲ್ಲಿ ಒಂದು ಪ್ರೆಸ್ ಇದೆ, ಹಗಲೆಲ್ಲ ಧಡ್ ಧಡ್ ಅಂತಿರುತ್ತೆ. ಅದು ನಿಂತ ದಿನ ಅಪ್ಪ ಮೂರು ಸಲ ಬಾಗಿಲಿಗೆ ಹೋಗಿ ಬಂದರು. ನಾನು ಬೆಡ್‌ರೂಮಿನಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕಾಲ್ ಮೇಲೆ ಕಾಲ್. ನನ್ನ ಸಂಬಳ ತಿಂಗಳ ಕೊನೆಗೆ ಸರಿಯಾಗಿ ಬರ್ತಿತ್ತು. ಅಪ್ಪನ ಫೋನು ಮಾತ್ರ ಶೆಡ್ ಬಾಡಿಗೆ ಕೇಳೋಕೆ ಅಂತ ಬಡ್ಕೊಳ್ತಿತ್ತು.

ಶೆಡ್‌ನಲ್ಲಿ ಒಡಿಶಾದ ಇಬ್ಬರು ಹುಡುಗರು ಕೆಲಸ ಮಾಡ್ತಿದ್ದರು, ಅಲ್ಲೇ ಮಲಗ್ತಿದ್ದರು. ಅಮ್ಮ ದಿನಾ ಅವರಿಗೂ ಸೇರಿಸಿ ಅಡುಗೆ ಮಾಡ್ತಿದ್ದಳು. ಮೇ 3ರಿಂದ ಚಿಕ್ಕಬಾಣಾವರ ಸ್ಟೇಷನ್‌ನಿಂದ ಶ್ರಮಿಕ್ ರೈಲುಗಳು ಹೊರಟವು. ಮಧ್ಯೆ ಒಂದೆರಡು ದಿನ ನಿಂತು ಮತ್ತೆ ಶುರುವಾದವು. ಸೇವಾಸಿಂಧು ಪೋರ್ಟಲ್‌ನಲ್ಲಿ ಅವರಿಬ್ಬರ ಅರ್ಜಿ ತುಂಬಿದ್ದು ನಾನು. ನಾಲ್ಕು ವರ್ಷದಿಂದ ಅಪ್ಪನ ಜೊತೆ ಇದ್ದವರ ಪೂರ್ತಿ ಹೆಸರು, ಜಿಲ್ಲೆ ನಂಗೆ ಗೊತ್ತಾಗಿದ್ದು ಆ ಫಾರ್ಮ್ ತುಂಬುವಾಗಲೇ. ಅವರು ಹೋದ ದಿನ ರಾತ್ರಿ ಅಪ್ಪ ಊಟದ ತಟ್ಟೆ ಮುಂದೆ ಕೂತು, "ಶೆಡ್ ಖಾಲಿ ಮಾಡ್ಬಿಡ್ತೀನಿ ಕಣೋ" ಅಂದರು. ಅಷ್ಟೇ. ಅಮ್ಮ ಏನೂ ಹೇಳಲಿಲ್ಲ, ಇನ್ನೊಂದು ಸೌಟು ಸಾರು ಬಡಿಸಿದಳು.

ಮೇ ಕೊನೆಯ ವಾರ ನಾನು ರಜೆ ಹಾಕಿ ಖಾಲಿ ಮಾಡಿಸೋಕೆ ಹೋದೆ. ಕಬ್ಬಿಣದ ಸಾಮಾನೆಲ್ಲ ಗುಜರಿಗೆ ಕೆಜಿ ಲೆಕ್ಕದಲ್ಲಿ ಹೋಯ್ತು. ಫೈಬರ್ ಮೋಲ್ಡ್‌ಗಳನ್ನ ಮಾತ್ರ ಗುಜರಿಯವನು ಮುಟ್ಟಲಿಲ್ಲ. ಒಮ್ಮೆ ಗಟ್ಟಿಯಾದ ಫೈಬರ್ ಕಬ್ಬಿಣದ ಹಾಗೆ ಕರಗಲ್ಲ, ಅದಕ್ಕೆ ರೇಟಿಲ್ಲ. 22 ವರ್ಷದ ಮೋಲ್ಡ್‌ಗಳನ್ನ ಬಿಸಾಕೋಕೆ ನಾವೇ ಗಾಡಿಗೆ ದುಡ್ಡು ಕೊಟ್ಟೆವು. ಶೆಡ್ ಹಿಂದೆ, ಖಾಲಿ ಡ್ರಮ್‌ಗಳ ಕೆಳಗೆ ಏನೋ ಬೋರಲಾಗಿ ಬಿದ್ದಿತ್ತು. ಸ್ನಾನದ ತೊಟ್ಟಿ ಇರಬೇಕು ಅಂದ್ಕೊಂಡೆ. ಗಾಡಿಯವನು ಅದಕ್ಕೆ ಕೈ ಹಾಕಿದ್ದೇ ತಡ, "ಅದು ಬೇಡ, ಅದು ಮನೆಗೆ" ಅಂದರು ಅಪ್ಪ.

ಅದು ದೋಣಿ. 2011ರಲ್ಲಿ ಒಬ್ಬರು ಮಗಳಿಗೆ ಅಂತ ಹಳೇದು ತಗೊಂಡು, ರಿಪೇರಿಗೆ ಬಿಟ್ಟು, ಎರಡು ಸಾವಿರ ಅಡ್ವಾನ್ಸ್ ಕೊಟ್ಟು ಹೋಗಿದ್ದರಂತೆ. ಆಗ ಅಪ್ಪನಿಗೆ ದೊಡ್ಡ ಆರ್ಡರ್ ಇತ್ತು. ಇವತ್ತು ನಾಳೆ ಅಂತ ಮುಂದೆ ಹಾಕಿದರು. ಅವರು ನಾಲ್ಕೈದು ಸಲ ಬಂದು ಹೋಗಿ, ಆಮೇಲೆ ಬರೋದೇ ಬಿಟ್ಟರು. ಬಿಲ್ ಬುಕ್‌ನಲ್ಲಿದ್ದ ನಂಬರಿಗೆ ನಾನು ಫೋನ್ ಮಾಡಿದೆ, ಚಾಲ್ತಿಯಲ್ಲಿಲ್ಲ. "ಇನ್ಯಾಕಪ್ಪಾ ಇದು?" ಅಂದೆ. "ಅಡ್ವಾನ್ಸ್ ತಗೊಂಡಿದ್ದೀನಲ್ಲೋ" ಅಂದರು.

ಮನೆಯ ಮೆಟ್ಟಿಲು ಕಿರಿದು, ದೋಣಿ ತಿರುಗಲಿಲ್ಲ. ಹಗ್ಗ ಕಟ್ಟಿ ಮುಂಭಾಗದಿಂದ ಮೇಲಕ್ಕೆ ಎಳೆದೆವು. ಮಾಸ್ಕ್ ಹಾಕ್ಕೊಂಡು ಇಡೀ ಬೀದಿ ಬಾಗಿಲಲ್ಲಿ ನಿಂತಿತ್ತು. ಎದುರು ಮನೆ ಅಂಕಲ್, "ಏನು ಸಾರ್, ಮಳೆಗಾಲಕ್ಕೆ ರೆಡಿನಾ?" ಅಂದರು. ಬೆಂಗಳೂರಿನ ಮಳೆ ನೋಡಿದವರಿಗೆ ಅದು ಪೂರ್ತಿ ತಮಾಷೆಯೂ ಅಲ್ಲ.

ಆವತ್ತು ರಾತ್ರಿ ನೆಟ್‌ನಲ್ಲಿ ಹುಡುಕಿದೆ. ಏಳೂವರೆ ಅಡಿಗಿಂತ ಸ್ವಲ್ಪ ಉದ್ದ, ಮೂತಿ ಚಪ್ಪಟೆ. ಅದರ ಹೆಸರು ಆಪ್ಟಿಮಿಸ್ಟ್. 1947ರಲ್ಲಿ ಅಮೆರಿಕದ ಫ್ಲೋರಿಡಾದ ಕ್ಲಿಯರ್‌ವಾಟರ್ ಊರಲ್ಲಿ ಕ್ಲಾರ್ಕ್ ಮಿಲ್ಸ್ ಅನ್ನೋ ದೋಣಿ ಕಟ್ಟುವವರು ಮಕ್ಕಳಿಗಾಗಿ ಮಾಡಿದ ವಿನ್ಯಾಸ. ಮಧ್ಯಮ ವರ್ಗದ ಮನೆಯವರೂ ಕಟ್ಟಿಕೊಳ್ಳೋ ಹಾಗೆ, ಎರಡು ಪ್ಲೈವುಡ್ ಶೀಟಿನಲ್ಲಿ ಮುಗಿಯಬೇಕಿತ್ತು. ಶೀಟ್ ಅಂದ್ರೆ ನಮ್ಮಲ್ಲೂ ಸಿಗುವ ಅದೇ ಎಂಟು ಅಡಿ, ನಾಲ್ಕು ಅಡಿ. ಆಮೇಲೆ ಫೈಬರ್‌ನಲ್ಲಿ ಬಂತು. ಪ್ರಪಂಚದಲ್ಲಿ ಲಕ್ಷಾಂತರ ಮಕ್ಕಳು ಹಾಯಿ ಹಿಡಿಯೋದು ಕಲಿತಿದ್ದು ಇದರಲ್ಲೇ. ಒಡಲಿನ ತೂಕ 35 ಕೆಜಿ, ಹಾಯಿ 3.3 ಚದರ ಮೀಟರ್. ಬೆಂಗಳೂರಿಗೂ ಹಾಯಿದೋಣಿ ಹೊಸದಲ್ಲ. ಹಲಸೂರು ಕೆರೆಯಲ್ಲಿ ಸೇನೆಯ ಮದ್ರಾಸ್ ಎಂಜಿನಿಯರ್ ಗ್ರೂಪ್‌ನವರು ಅಭ್ಯಾಸ ಮಾಡೋದನ್ನ ನೀವೂ ನೋಡಿರಬಹುದು.

ನಮ್ಮ ದೋಣಿಯ ತಳದಲ್ಲಿ ಒಂದು ಗೇಣುದ್ದ ಬಿರುಕು. ಮೂತಿಯ ಮೂಲೆಯಲ್ಲಿ ತೂತು. ಚುಕ್ಕಾಣಿ ಸಿಕ್ಕಿಸುವ ಜಾಗ ಕಿತ್ತು ಬಂದಿತ್ತು. ಕಂಬ, ಹಾಯಿ, ಚುಕ್ಕಾಣಿ ಯಾವುದೂ ಇಲ್ಲ. ನನ್ನ ಕಾಲ್‌ಗಳೆಲ್ಲ ಸಂಜೆ ಮೇಲೆ, ಹಾಗಾಗಿ ಬೆಳಿಗ್ಗೆ ಆರರಿಂದ ಒಂಬತ್ತು ನಾನು ಹೆಲ್ಪರ್.

"ಪುಟ್ಟಿ ಹಾಕಿ ಮುಚ್ಚೋಣ" ಅಂದೆ ಮೊದಲ ದಿನ. ಅಪ್ಪ ಉತ್ತರ ಕೊಡದೆ ಗ್ರೈಂಡರ್ ತಗೊಂಡು ಬಿರುಕನ್ನ ಇನ್ನೂ ಅಗಲ ಮಾಡಿದರು. ನಂಗೆ ಗಾಬರಿ. ಒಡೆದ ಜಾಗದ ಸುತ್ತ ಗಟ್ಟಿ ಫೈಬರ್ ಸಿಗೋವರೆಗೆ ಇಳಿಜಾರಾಗಿ ಉಜ್ಜಬೇಕಂತೆ. ಆಮೇಲೆ ಮ್ಯಾಟ್‌ನ ತುಂಡುಗಳನ್ನ ರೆಸಿನ್‌ನಲ್ಲಿ ನೆನೆಸಿ ಒಂದರ ಮೇಲೊಂದು ಕೂರಿಸಬೇಕು, ಪ್ರತಿ ತುಂಡೂ ಕೆಳಗಿನದಕ್ಕಿಂತ ಸ್ವಲ್ಪ ದೊಡ್ಡದು. ರೋಲರ್‌ನಲ್ಲಿ ಒತ್ತಿ ಗಾಳಿಗುಳ್ಳೆ ತೆಗೀಬೇಕು. ಗುಳ್ಳೆ ಉಳಿದರೆ ನಾಳೆ ಅಲ್ಲಿಂದಲೇ ಬಿಡುತ್ತೆ.

ರೆಸಿನ್ ಕಲಸೋಕೂ ಒಂದು ಕ್ರಮ ಇದೆ. ಮೊದಲು ಕೊಬಾಲ್ಟ್, ಪೂರ್ತಿ ಬೆರೆತ ಮೇಲೆ ಹಾರ್ಡ್‌ನರ್. ಇವೆರಡೂ ನೇರವಾಗಿ ಒಂದಕ್ಕೊಂದು ಸೇರಿದರೆ ಸಿಡಿಯಬಹುದು, ಬೆಂಕಿ ಹತ್ತಬಹುದು. ಅದಕ್ಕೇ ಅಪ್ಪ ಎರಡು ಡಬ್ಬಿಗಳನ್ನ ತಾರಸಿಯ ಎರಡು ಮೂಲೆಯಲ್ಲಿ ಇಟ್ಟಿದ್ದರು. ಒಂದು ದಿನ ಬೇಗ ಗಟ್ಟಿಯಾಗಲಿ ಅಂತ ನಾನು ಹಾರ್ಡ್‌ನರ್ ಸ್ವಲ್ಪ ಜಾಸ್ತಿ ಹಾಕಿದೆ. ಐದೇ ನಿಮಿಷಕ್ಕೆ ಮಗ್ ಬಿಸಿಯಾಗಿ, ಹೊಗೆ ಬಂದು, ಬ್ರಷ್ ಸಮೇತ ಕಲ್ಲಾಯ್ತು. ಅಪ್ಪ ಬೈಯ್ಯಲಿಲ್ಲ. "ನಿಮ್ಮ ಆಫೀಸಲ್ಲಿ ತಪ್ಪಾದ್ರೆ ವಾಪಸ್ ತಗೋಬೋದು ಅಲ್ವಾ? ಇಲ್ಲಿ ಆಗಲ್ಲ" ಅಂದರು. ನಾನು ರೋಲ್‌ಬ್ಯಾಕ್ ಬಗ್ಗೆ ಯಾವಾಗಲೋ ಹೇಳಿದ್ದನ್ನ ನೆನಪಿಟ್ಕೊಂಡಿದ್ದರು.

ಫೈಬರ್ ಉಜ್ಜಿದ ಧೂಳು ಮೈಗೆ ಹತ್ತಿದರೆ ಬರೋ ಕೆರೆತ ಅನುಭವಿಸಿದವರಿಗೇ ಗೊತ್ತು. ಎರಡು ದಿನ ನಿದ್ದೆ ಬರಲಿಲ್ಲ. ಬಿಸಿನೀರು ಹಾಕ್ಕೋಬೇಡ, ತಣ್ಣೀರಲ್ಲಿ ತೊಳಿ ಅಂತ ಅಪ್ಪ ಹೇಳಿಕೊಟ್ಟರು. ಚಿಕ್ಕವನಿದ್ದಾಗ ಅಪ್ಪ ಮನೆಗೆ ಬಂದ ತಕ್ಷಣ ನನ್ನ ಎತ್ತಿಕೊಳ್ತಿರಲಿಲ್ಲ, ನೇರ ಬಚ್ಚಲಿಗೆ ಹೋಗ್ತಿದ್ದರು. ಅದು ಯಾಕೆ ಅಂತ 26ನೇ ವಯಸ್ಸಿನಲ್ಲಿ, ಕೈ ಕೆರೆದುಕೊಳ್ತಾ ಕೂತಾಗ ಅರ್ಥವಾಯ್ತು.

ಜೂನ್‌ನಲ್ಲಿ ಅಂಗಡಿಗಳು ತೆರೆದ ಮೇಲೆ ಅಪ್ಪನ ಜೊತೆ ಸಾಮಾನು ಹುಡುಕಿಕೊಂಡು ನಡೆದೆ. ಕಂಬಕ್ಕೆ ಒಂದೂಮುಕ್ಕಾಲು ಇಂಚಿನ ಅಲ್ಯೂಮಿನಿಯಂ ಪೈಪು ಒಂದು ಕಡೆ, ಚುಕ್ಕಾಣಿಗೆ ಪ್ಲೈವುಡ್ ಇನ್ನೊಂದು ಕಡೆ. ಚುಕ್ಕಾಣಿಯ ಸ್ಟೀಲ್ ಪಿನ್ನುಗಳನ್ನ ಕಡೆಸೋಕೆ ಒಂದು ಲೇತ್ ಅಂಗಡಿಗೆ ಹೋದೆವು. ಯಜಮಾನರು ದುಡ್ಡು ತಗೊಳ್ಳಲಿಲ್ಲ. "ಎರಡು ತಿಂಗಳಾಯ್ತು ಮಷಿನ್ ಆನ್ ಮಾಡಿ. ಇದೇ ಮೊದಲನೇ ಜಾಬು" ಅಂದರು. ದೋಣಿಗೆ ಬೇಕಾದ ಪ್ರತಿಯೊಂದೂ ನಮ್ಮ ಮನೆಯಿಂದ ಎರಡು ಕಿಲೋಮೀಟರ್ ಒಳಗೆ ಸಿಕ್ಕಿತು. ಅಪ್ಪನಿಗೆ ಪ್ರತಿ ಶಟರ್ ಹಿಂದಿನವರೂ ಗೊತ್ತು. ಎಷ್ಟೋ ಶಟರ್‌ಗಳ ಮೇಲೆ 'ಟು-ಲೆಟ್' ಬೋರ್ಡು. ಅಂಥ ಕಡೆ ಅಪ್ಪ ನಿಲ್ಲುತ್ತಿರಲಿಲ್ಲ, ಬೇಗ ಬೇಗ ನಡೀತಿದ್ದರು.

ಹಾಯಿಯ ಹತ್ತಿರ ಬಂದು ನಮ್ಮಿಬ್ಬರ ಬುದ್ಧಿಯೂ ನಿಂತಿತು. ತೆಳುವಾದ ಬಿಳಿ ಟಾರ್ಪಾಲಿನ್ ತಂದು ಅಳತೆಗೆ ಕತ್ತರಿಸಿದ್ದೆವು. ಹಾಯಿ ಗಾಳಿಯಲ್ಲಿ ಸ್ವಲ್ಪ ಉಬ್ಬಿ ನಿಲ್ಲಬೇಕು, ನಮ್ಮದು ಬೆಡ್‌ಶೀಟಿನ ಹಾಗೆ ಪಟಪಟ ಅಂತಿತ್ತು. ಕೆರೆತ, ವಾಸನೆ, ಖರ್ಚು ಅಂತ ಒಂದು ತಿಂಗಳಿಂದ ಗೊಣಗ್ತಿದ್ದ ಅಮ್ಮ ಒಣಗಿದ ಬಟ್ಟೆ ತೆಗೆಯೋಕೆ ಬಂದವಳು ಲ್ಯಾಪ್‌ಟಾಪಿನಲ್ಲಿದ್ದ ಚಿತ್ರ ನೋಡಿದಳು. "ಬ್ಲೌಸ್‌ಗೆ ಟಕ್ಸ್ ಹಿಡೀತಾರಲ್ಲ, ಹಾಗೆ ಹಿಡೀಬೇಕು. ಇದೇನು ದೊಡ್ಡ ವಿದ್ಯೆ?" ಅಂದಳು. ಅಮ್ಮ ಪೀಣ್ಯದ ಗಾರ್ಮೆಂಟ್ಸ್‌ನಲ್ಲಿ ಹನ್ನೊಂದು ವರ್ಷ ಕೆಲಸ ಮಾಡಿದವಳು. ಹದಿನೆಂಟನೇ ನಂಬರ್ ಸೂಜಿ ಹಾಕಿ, ಕಾಲಲ್ಲಿ ತುಳಿಯೋ ಮಷಿನ್‌ನಲ್ಲಿ ಮೂರು ದಿನಕ್ಕೆ ಹೊಲಿದು ಮುಗಿಸಿದಳು. ನಾಲ್ಕು ಸೂಜಿ ಮುರಿದವು.

ಜುಲೈ 14ರಿಂದ ಬೆಂಗಳೂರಿಗೆ ಮತ್ತೆ ಒಂದು ವಾರ ಲಾಕ್‌ಡೌನ್. ಸೋರುತ್ತಾ ನೋಡೋಕೆ ಕೆರೆಗೆ ಹೋಗೋ ಹಾಗಿಲ್ಲ. ಅಪ್ಪ ದೋಣಿಯನ್ನ ಹಳೇ ಟೈರ್‌ಗಳ ಮೇಲೆ ಕೂರಿಸಿ, ಒಳಗೆ ನಾಲ್ಕು ಬೆರಳು ನೀರು ತುಂಬಿಸಿದರು. ದೋಣಿ ನೀರಲ್ಲಿ ನಿಲ್ಲೋ ಬದಲು ನೀರು ದೋಣಿಯಲ್ಲಿ ನಿಂತಿತು. ಬೆಳಿಗ್ಗೆ ಎದ್ದು ಅಪ್ಪ ತಳಕ್ಕೆ ಅಂಗೈ ಒತ್ತಿ ನೋಡಿದರು. ಒಣಗಿತ್ತು.

2021ರ ಸಂಕ್ರಾಂತಿಗೆ ಲಗೇಜ್ ಆಟೋದಲ್ಲಿ ಅಮ್ಮನ ತವರಿಗೆ ಒಯ್ದೆವು, ಕುಣಿಗಲ್ ಹತ್ತಿರದ ಹಳ್ಳಿ. ಕೆರೆಯಲ್ಲಿ ನೀರಿತ್ತು. ಮೀನಿನ ಗುತ್ತಿಗೆಯವರು ನಕ್ಕು ಒಪ್ಪಿದರು. ಅಪ್ಪನಿಗೆ ಈಜು ಬರಲ್ಲ. ಲೈಫ್ ಜಾಕೆಟ್ ಹಾಕಿಸಿ, ದೋಣಿಗೆ ಉದ್ದ ಹಗ್ಗ ಕಟ್ಟಿ, ಅದನ್ನ ಹಿಡಿದು ನಾನು ಸೊಂಟದುದ್ದ ನೀರಲ್ಲಿ ನಿಂತೆ. ಗಾಳಿ ಹಿಂದಿನಿಂದ ಬೀಸಿತು, ಅಮ್ಮನ ಹಾಯಿ ಉಬ್ಬಿತು, ದೋಣಿ ಹೊರಟಿತು. ಹೋಗೋದು ಸುಲಭ, ವಾಪಸ್ ಬರೋದೇ ಕಷ್ಟ ಅಂತ ಆಗ ತಿಳೀತು. ಗಾಳಿಗೆ ಎದುರಾಗಿ ದೋಣಿ ನೇರ ಬರಲ್ಲ. ನಡುವಿನ ಹಲಗೆಯನ್ನ ನೀರೊಳಗೆ ಇಳಿಬಿಟ್ಟು, ಒಮ್ಮೆ ಎಡಕ್ಕೆ ಒಮ್ಮೆ ಬಲಕ್ಕೆ ಓರೆಯಾಗಿ ಬರಬೇಕು. ಮೊದಲ ಎರಡು ಸಲ ನಾನೇ ಹಗ್ಗ ಹಿಡಿದು ಎಳೆದೆ. ಮೂರನೇ ಸಲ ಹಗ್ಗ ಸಡಿಲವಾಗೇ ಇತ್ತು. ಅಪ್ಪ ವಕ್ರವಕ್ರವಾಗಿ, ತುಂಬಾ ಹೊತ್ತು ತಗೊಂಡು, ದಡಕ್ಕೆ ಬಂದರು.

ಇಳಿದವರೇ, "ಎಡಗಡೆ ಸ್ವಲ್ಪ ವಾಲುತ್ತೆ. ಪ್ಯಾಚ್ ಭಾರ ಆಯ್ತು" ಅಂದರು. ಮಾರನೇ ದಿನವೇ ಉಜ್ಜೋಕೆ ಕೂತರು.

ಶೆಡ್ ಇದ್ದ ಜಾಗ ಈಗ ಪಾರ್ಸೆಲ್ ಗೋಡೌನ್. ಅಪ್ಪ ಇನ್ನೊಬ್ಬರ ಫೈಬರ್ ಯೂನಿಟ್‌ನಲ್ಲಿ ಅರ್ಧ ದಿನ ಕೆಲಸಕ್ಕೆ ಹೋಗ್ತಾರೆ. ಹುಡುಗರಲ್ಲಿ ಒಬ್ಬ ವಾಪಸ್ ಬಂದು ಅಲ್ಲೇ ಸೇರಿದ್ದಾನೆ. ದೋಣಿಯನ್ನ ಎಷ್ಟೋ ಜನ ಕೇಳಿದರು, ಅಪ್ಪ ಮಾರಲಿಲ್ಲ. "ನಮ್ಮದಲ್ಲ" ಅಂತಾರೆ.

ಹಾಗಾಗಿ ಇದನ್ನ ಬರೀತಿದ್ದೀನಿ. 2011ರಲ್ಲಿ ರಾಜಗೋಪಾಲನಗರದ ಒಂದು ಫೈಬರ್ ಶೆಡ್‌ನಲ್ಲಿ ಮಗಳ ದೋಣಿಯನ್ನ ರಿಪೇರಿಗೆ ಬಿಟ್ಟು ಹೋದವರು ನೀವಾಗಿದ್ದರೆ, ಅಥವಾ ಆ ಮಗಳೇ ಇದನ್ನ ಓದ್ತಿದ್ದರೆ, ಕೆಲಸ ಮುಗಿದಿದೆ. ಲಗ್ಗೆರೆಗೆ ಬನ್ನಿ. ತಡ ಆಗಿದ್ದಕ್ಕೆ ಬ್ಯಾಲೆನ್ಸ್ ಬೇಡ ಅಂತ ಅಪ್ಪ ಹೇಳಿದ್ದಾರೆ.